ಸಂಘದ ಪುಸ್ತಕಗಳು ಸಾರ್ವಜನಿಕ ಗ್ರಂಥಾಲಯದಲ್ಲಿ: ಬಳಸುವ ಬಗೆ

ಕಳೆದ ಸರ್ವಸದಸ್ಯರ ಸಭೆಯ ಕೊನೆಯಲ್ಲಿ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಸರಿಯಾಗಿ, ಒಂದು ಪ್ರಶ್ನೆ ಎದ್ದದ್ದು ಸದಸ್ಯ ಬಾಂಧವರಿಗೆ ನೆನಪಿರಬಹುದು. ಕಚೇರಿಯ ಮಹಡಿಯ ಕೋಣೆಯಲ್ಲಿರುವ ಎರಡು ಬೀರು ಪುಸ್ತಕಗಳನ್ನು ಏನು ಮಾಡುವುದು? ಮಳೆಗಾಲದಲ್ಲಿ ಆ ಕೋಣೆಯ ಗೋಡೆ ಒಸರುತ್ತದೆ. ಒಂದು ಬೀರುವಿನ ಕೆಳಗಿನ ಹಲಗೆಗೆ ವರಲೆ ಹತ್ತಿದೆ. ಇವನ್ನು ಸಾರ್ವಜನಿಕ ಗ್ರಂಥಾಲಯದಲ್ಲಿ ಇರಿಸಬಹುದೇ ಎಂಬ ಸಲಹೆಯನ್ನು ಆಡಳಿತ ಮಂಡಳಿ ಮುಂದಿಟ್ಟಾಗ ಹಿರಿಯ ಸದಸ್ಯರೊಬ್ಬರು ಎದ್ದು, "ಕೊಟ್ಟಲ್ಲಿಗೆ ಮುಗಿಯಿತು. ಆಮೇಲೆ ನಮ್ಮ ಪುಸ್ತಕ ನೋಡಲು ನಾವೇ ಅರ್ಜಿ ಹಿಡಿದು ನಿಲ್ಲಬೇಕು" ಎಂದರು. ಸಭೆ ನಕ್ಕಿತು, ಆದರೆ ಅವರ ಮಾತಿನಲ್ಲಿ ಹುರುಳಿತ್ತು. ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.

ಆ ಸಭೆ ಸೇರುವ ಮುನ್ನ, ಒಂದು ವೃತ್ತಿಯವರ ಸಂಘದ ಪುಸ್ತಕಗಳು ಸಾರ್ವಜನಿಕ ಗ್ರಂಥಾಲಯದ ಸೂರಿನಡಿ ಇರುವುದೆಂದರೆ ಏನು, ಅಲ್ಲಿಗೆ ಹೋದ ಓದುಗ ಅವನ್ನು ಹೇಗೆ ಬಳಸುತ್ತಾನೆ ಎಂಬುದನ್ನು ವಿವರಿಸುವುದು ಕಾರ್ಯದರ್ಶಿಯಾದ ನಮ್ಮ ಕೆಲಸವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇವೆ. ಇಂಥ ಏರ್ಪಾಡು ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ನಡೆದುಕೊಂಡು ಬಂದಿರುವ ಒಂದು ಸ್ಥಳ ಲಂಡನ್ ನಗರದ ಗಿಲ್ಡ್‌ಹಾಲ್ ಲೈಬ್ರರಿ. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಮ್ಮ ಸದಸ್ಯರ ಮಕ್ಕಳು ಹಲವರು ಈಗ ಆ ಊರಿನಲ್ಲಿ ಓದುತ್ತಲೋ ದುಡಿಯುತ್ತಲೋ ಇದ್ದಾರಾದ್ದರಿಂದ ಅವರಿಗೂ ಈ ಬರಹ ಪ್ರಯೋಜನಕ್ಕೆ ಬಂದೀತು.

ಗಿಲ್ಡ್‌ಹಾಲ್ ಎಂಬುದು ಲಂಡನ್ನಿನ ಹಳೆಯ ಪೇಟೆ ಭಾಗದ ಆಡಳಿತ ನಡೆಸುವ ನಗರಸಭೆಯ ಭವನ. ಅಲ್ಲಿನ ಮೊದಲ ಗ್ರಂಥಾಲಯ ಹುಟ್ಟಿದ್ದು 1420ರ ದಶಕದಲ್ಲಿ, ರಿಚರ್ಡ್ ವಿಟಿಂಗ್ಟನ್ ಎಂಬ ಶ್ರೀಮಂತ ವರ್ತಕ ಬಿಟ್ಟುಹೋದ ಹಣದ ನೆರವಿನಿಂದ. ಸುಮಾರು ನೂರಿಪ್ಪತ್ತೈದು ವರ್ಷ ಅದು ನಡೆಯಿತು. 16ನೆಯ ಶತಮಾನದ ನಡುವಿನಲ್ಲಿ, ಬಾಲಕ ರಾಜನ ಹೆಸರಿನಲ್ಲಿ ರಾಜ್ಯಭಾರ ಮಾಡುತ್ತಿದ್ದ ಸಾಮರ್ಸೆಟ್ಟಿನ ಡ್ಯೂಕ್ ಬೇಗ ಹಿಂತಿರುಗಿಸುವೆನೆಂದು ಹೇಳಿಕಳಿಸಿ ಮೂರು ಗಾಡಿ ಪುಸ್ತಕ ತರಿಸಿಕೊಂಡನೆಂದೂ, ಅವು ಮತ್ತೆ ಬರಲೇ ಇಲ್ಲವೆಂದೂ ಆ ನಗರದ ಚರಿತ್ರೆ ಬರೆದ ಜಾನ್ ಸ್ಟೋ ದಾಖಲಿಸಿದ್ದಾನೆ. ಪುಸ್ತಕ ಎರವಲು ಪಡೆದು ಮರೆಯುವ ರೂಢಿ ನಮ್ಮ ತಾಲ್ಲೂಕಿಗೆ ಮಾತ್ರ ಸೀಮಿತವಲ್ಲ ಎಂಬ ಸಮಾಧಾನಕ್ಕಾಗಿ ಇದನ್ನು ಹೇಳಿದೆವು. ಆ ಮೇಲೆ ಪೌರಸಭೆ ಮತ್ತೊಂದು ಗ್ರಂಥಾಲಯ ಕಟ್ಟಲು ಮನಸ್ಸು ಮಾಡಿದ್ದು 1824ರಲ್ಲಿ. ಮಧ್ಯೆ ಹೋದದ್ದು ಇನ್ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷ.

1873ರಲ್ಲಿ ಆ ಗ್ರಂಥಾಲಯಕ್ಕೆ ದೊಡ್ಡದೊಂದು ಹೊಸ ಕಟ್ಟಡವಾಗಿ ಅದು ಸಾರ್ವಜನಿಕರಿಗೆ ತೆರೆಯಿತು. ನಮಗೆ ಬೇಕಾದ ಕಥೆ ಶುರುವಾಗುವುದು ಇಲ್ಲಿಂದ. ಲಂಡನ್ನಿನ ಗಡಿಯಾರ ಮಾಡುವವರಿಗೆ 1631ರಲ್ಲಿ ರಾಜನಿಂದ ಸನದು ಪಡೆದ ಒಂದು ಸಂಘವಿದೆ. ಅವರು 1813ರಲ್ಲಿ ತಮ್ಮ ಕಸುಬಿಗೆ ಸಂಬಂಧಿಸಿದ ಪುಸ್ತಕಗಳನ್ನು ಕೂಡಿಹಾಕಲು ತೊಡಗಿದ್ದರು. ಪುಸ್ತಕವೇನೋ ಸೇರಿತು; ಇಡಲು ಜಾಗ, ತೆಗೆದುಕೊಡಲು ಆಳು ಇಲ್ಲ. ಹೊಸ ಕಟ್ಟಡ ತೆರೆದಾಗ ತಮ್ಮ ಪುಸ್ತಕಗಳನ್ನೂ ಹಳೆಯ ಗಡಿಯಾರಗಳ ಸಂಗ್ರಹವನ್ನೂ ಅಲ್ಲಿ ಇರಿಸಿದರು. ಗಡಿಯಾರಗಳು 2015ರಲ್ಲಿ ಸೈನ್ಸ್ ಮ್ಯೂಸಿಯಂಗೆ ಹೋದವು. ಪುಸ್ತಕಗಳು ಗಿಲ್ಡ್‌ಹಾಲಿನಲ್ಲೇ ಉಳಿದವು. ಇದನ್ನು ನೋಡಿ ಬೇರೆ ಸಂಘಗಳೂ ಒಂದೊಂದಾಗಿ ಬಂದವು. ಹಳೆಯ ಗಡಿಯಾರಗಳ ಅಧ್ಯಯನಕ್ಕೆಂದೇ 1953ರಲ್ಲಿ ಹುಟ್ಟಿದ ಸಂಘ, ಆಂದ್ರೆ ಸಿಮೋನ್ 1933ರಲ್ಲಿ ಸ್ಥಾಪಿಸಿದ ದ್ರಾಕ್ಷಾರಸ ಮತ್ತು ಆಹಾರದ ಸಂಘ, ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬನ ಅಭಿಮಾನಿಗಳು 1935ರಲ್ಲಿ ಕಟ್ಟಿಕೊಂಡ ಸಂಘ, ಇವೆಲ್ಲವುಗಳ ಪುಸ್ತಕ ಸಂಗ್ರಹಗಳು ಅಲ್ಲಿವೆ. ಲ್ಯಾಂಬ್ 1792ರಿಂದ 1825ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕದ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ನಮ್ಮ ದೇಶದ ನೀಲಿ, ರೇಷ್ಮೆ, ಬಟ್ಟೆಗಳ ಲೆಕ್ಕ ಬರೆದು ಬೆರಳು ಸವೆಸಿದವನ ಪುಸ್ತಕಗಳಿಗೂ ಕೊನೆಗೆ ಸಾರ್ವಜನಿಕರ ಸೂರೇ ಆಸರೆಯಾಯಿತು.

ಇನ್ನು ಮುಖ್ಯ ವಿಷಯ. ಇಲ್ಲಿ "ಇರಿಸುವುದು" ಎಂಬ ಮಾತಿನ ಅರ್ಥವೇನು? ಇದನ್ನು ನಮ್ಮ ಕಸುಬಿನ ಮಾತಿನಲ್ಲೇ ಹೇಳುವುದು ಸುಲಭ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆರಂಭವಾಗಿ 1996ರಲ್ಲಿ ಕೊನೆಗೊಂಡ ಪೂಲ್ ಪದ್ಧತಿ ನಮ್ಮ ಕಾಫಿ ಬೆಳೆಗಾರರೆಲ್ಲರಿಗೂ ಗೊತ್ತು. ಕಾಫಿ ಒಮ್ಮೆ ಪೂಲಿಗೆ ಹೋಯಿತೆಂದರೆ ಯಾರ ತೋಟದ ಬೀಜ ಯಾವುದೆಂದು ಹೇಳುವಂತಿರಲಿಲ್ಲ. ನಮಗೆ ಉಳಿಯುತ್ತಿದ್ದದ್ದು ಪಾಯಿಂಟಿನ ಲೆಕ್ಕ ಮತ್ತು ಕಂತುಕಂತಾಗಿ ಬರುವ ಹಣ. ಅಡಿಕೆಯ ಸಹಕಾರಿ ಮಂಡಿಯಲ್ಲಿ ಹಾಗಲ್ಲ. ಸದಸ್ಯ ತಂದ ಮೂಟೆಗೆ ಅವನ ಹೆಸರಿನ ಲಾಟ್ ಚೀಟಿ ಬೀಳುತ್ತದೆ. ಗೋದಾಮು ಸಂಘದ್ದು, ಕಾವಲು ಸಂಘದ್ದು, ತೂಕ ಮಾಡುವವ ಸಂಘದವ. ಆದರೆ ಮಾರಾಟವಾಗುವವರೆಗೆ ಮಾಲು ಬೆಳೆಗಾರನದೇ. ಪುಸ್ತಕಗಳನ್ನು ಗ್ರಂಥಾಲಯಕ್ಕೆ ದಾನ ಕೊಡುವುದು ಪೂಲಿಗೆ ಹಾಕಿದಂತೆ. ಠೇವಣಿ ಇಡುವುದು ಲಾಟ್ ಚೀಟಿ ಪಡೆದು ಗೋದಾಮಿನಲ್ಲಿ ಇಟ್ಟಂತೆ. ನಮ್ಮ ಹಿರಿಯ ಸದಸ್ಯರು ಹೆದರಿದ್ದು ಪೂಲಿಗೆ. ನಾವು ಇಲ್ಲಿ ಹೇಳುತ್ತಿರುವುದು ಲಾಟ್ ಚೀಟಿಯ ವಿಷಯ.

ಹೀಗೆ ಇಟ್ಟ ಪುಸ್ತಕಕ್ಕೆ ಇಬ್ಬರು ಯಜಮಾನರು. ಸ್ವತ್ತು ಸಂಘದ್ದು, ಉಸ್ತುವಾರಿ ಗ್ರಂಥಾಲಯದ್ದು. ಬಳಸಲು ಹೋದ ಓದುಗ ಮೊದಲು ತಿಳಿದುಕೊಳ್ಳಬೇಕಾದದ್ದು ಇದನ್ನೇ, ಏಕೆಂದರೆ ಮುಂದಿನ ಎಲ್ಲ ತೊಡಕುಗಳೂ ಇಲ್ಲಿಂದಲೇ ಹುಟ್ಟುತ್ತವೆ. ಬಾಗಿಲು ತೆರೆಯುವ ಹೊತ್ತು, ಓದುವ ಮೇಜು, ಪುಸ್ತಕ ತೆಗೆದುಕೊಡುವ ಕ್ರಮ, ಇವು ಗ್ರಂಥಾಲಯದ ನಿಯಮದಂತೆ. ಯಾವ ಪುಸ್ತಕವನ್ನು ಮನೆಗೆ ಕೊಡಬಹುದು, ಯಾವುದರ ಚಿತ್ರವನ್ನು ಅಚ್ಚು ಹಾಕಿಸಲು ಒಪ್ಪಿಗೆ ಕೊಡಬಹುದು, ಇದರಲ್ಲಿ ಸಂಘದ ಮಾತು ನಡೆಯುವುದುಂಟು. ಕೆಲವು ಕಡೆ ಸಂಘದ ಸದಸ್ಯರಿಗೆ ಮಾತ್ರ ಪುಸ್ತಕ ಎರವಲು ಸಿಗುತ್ತದೆ, ಉಳಿದವರು ಅಲ್ಲೇ ಕುಳಿತು ಓದಬೇಕು. ಕೌಂಟರಿನಲ್ಲಿರುವ ಗ್ರಂಥಪಾಲಕರನ್ನು "ಈ ಪುಸ್ತಕ ತಮ್ಮದೋ, ಸಂಘದ್ದೋ?" ಎಂದು ಮೊದಲೇ ಕೇಳಿಬಿಟ್ಟರೆ ಅರ್ಧ ದಿನ ಉಳಿಯುತ್ತದೆ.

ಗಿಲ್ಡ್‌ಹಾಲಿನಲ್ಲಿ ಪ್ರವೇಶಕ್ಕೆ ಹಣವಿಲ್ಲ, ಸದಸ್ಯತ್ವವನ್ನೂ ಕೇಳುವುದಿಲ್ಲ. ಅದು ಪರಾಮರ್ಶನ ಗ್ರಂಥಾಲಯ. ಪುಸ್ತಕಗಳನ್ನು ಹೊರಗೆ ಕೊಂಡೊಯ್ಯುವಂತಿಲ್ಲ. ಹೊರಗಿನ ಕಪಾಟುಗಳಲ್ಲಿ ಕಾಣುವುದು ಸ್ವಲ್ಪವೇ. ಬಹುಪಾಲು ಪುಸ್ತಕಗಳು ಒಳಗಿನ ಉಗ್ರಾಣದಲ್ಲಿರುತ್ತವೆ, ಕೋರಿಕೆ ಕೊಟ್ಟ ಮೇಲೆ ಸಿಬ್ಬಂದಿ ತಂದುಕೊಡುತ್ತಾರೆ. ಬಹಳ ಹಳೆಯ ಅಥವಾ ಅಪರೂಪದ ಪ್ರತಿಯಾದರೆ ಗುರುತಿನ ಚೀಟಿ ಕೇಳುತ್ತಾರೆ. ಹೀಗಾಗಿ ಕಪಾಟಿನ ಮುಂದೆ ನಿಂತು ಕಣ್ಣಾಡಿಸಿ ಆರಿಸುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ಡ್ಯೂಯಿ ವರ್ಗೀಕರಣ ಅನುಸರಿಸುವ ಯಾವ ದೇಶದ ಗ್ರಂಥಾಲಯಕ್ಕೆ ಹೋದರೂ ಕಾಫಿ ಬೇಸಾಯದ ಪುಸ್ತಕ 633.73 ಎಂಬ ಅಂಕೆಯಲ್ಲಿ ಸಿಗುತ್ತದೆ. ಇದನ್ನು ಬೆಳೆಗಾರರು ಬಾಯಿಪಾಠ ಮಾಡಿಕೊಳ್ಳಬಹುದು. ಆದರೆ ಸಂಘದ ಠೇವಣಿ ಪುಸ್ತಕಗಳು ಈ ಅಂಕೆಯ ಸಾಲಿನಲ್ಲಿ ಕೂಡುವುದಿಲ್ಲ. ಅವುಗಳದ್ದೇ ಬೇರೆ ಗುರುತು, ಬೇರೆ ಸಾಲು. ಆದ್ದರಿಂದ ಸೂಚಿಯೇ ಗತಿ.

ಸೂಚಿ ನೋಡುವುದೂ ಒಂದು ಕಸುಬೇ. ಈಗ ಲಂಡನ್ನಿನ ಆ ಗ್ರಂಥಾಲಯದ ಸೂಚಿಯನ್ನು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು. ಅದನ್ನು ನೋಡದೆ ಬಸ್ಸು ಹತ್ತುವುದು ಬೇಡ. ಜೊತೆಗೆ ಸಂಘ ತಾನೇ ಹಿಂದೆ ಅಚ್ಚು ಹಾಕಿಸಿದ ಪಟ್ಟಿ ಇದ್ದರೆ ಅದನ್ನೂ ಕೇಳಬೇಕು. ಗ್ರಂಥಪಾಲಕರ ಸೂಚಿ ಪುಸ್ತಕದ ಹೆಸರು, ಬರೆದವರು, ವರ್ಷ ಹೇಳುತ್ತದೆ. ಕಸುಬಿನವರು ಮಾಡಿದ ಪಟ್ಟಿ ಆ ಪುಸ್ತಕದ ಒಳಗೆ ಕಸುಬಿಗೆ ಬೇಕಾದದ್ದು ಏನಿದೆ ಎಂಬುದನ್ನು ಹೇಳುತ್ತದೆ.

ಹಳೆಯ ಪುಸ್ತಕ ಹುಡುಕುವಾಗ ನಮ್ಮ ಬೆಳೆಗಾರರು ಎಡವುವುದು ಹೆಸರುಗಳಲ್ಲಿ. "ಕೊಳೆರೋಗ" ಎಂಬ ಪದವನ್ನೇ ತೆಗೆದುಕೊಳ್ಳಿ. ಅಡಿಕೆಯವರಿಗೆ ಅದು ಮಳೆಗಾಲದಲ್ಲಿ ಕೊನೆಗೆ ಬಂದು ಎಳೆಗಾಯಿ ಉದುರಿಸುವ ರೋಗ. ಕಾಫಿಯವರಿಗೆ ಅದು ಎಲೆ ಕಪ್ಪಾಗಿ ಕೊಳೆತು ನೂಲಿನಲ್ಲಿ ನೇತಾಡುವ ರೋಗ. ಎರಡಕ್ಕೂ ಕಾರಣವಾದ ಬೂಷ್ಟುಗಳು ಸಂಬಂಧವೇ ಇಲ್ಲದ ಬೇರೆ ಬೇರೆ ಜಾತಿ. ಕಾಫಿಯದನ್ನು 1876ರಲ್ಲಿ ಕುಕ್ ಎಂಬ ವಿದ್ವಾಂಸ ವರ್ಣಿಸಿದಾಗ ನಮ್ಮ ಜನ ಆಡುತ್ತಿದ್ದ ಕನ್ನಡ ಪದವನ್ನೇ ಅದರ ಶಾಸ್ತ್ರೀಯ ಹೆಸರಿಗೆ ಸೇರಿಸಿದ. ಅಡಿಕೆಯದನ್ನು ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು 1910ರ ತಮ್ಮ ವರದಿಯಲ್ಲಿ ಫೈಟಾಫ್ತೊರ ಎಂಬ ಕುಲಕ್ಕೆ ಸೇರಿಸಿದರು. ಕೊಟ್ಟೆ ಕಟ್ಟಿ ಕೊನೆ ಕಾಯುತ್ತಿದ್ದ ಮಲೆನಾಡಿಗೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದವರೂ ಅವರೇ. ಸೂಚಿಯಲ್ಲಿ ಬರಿಯ "ಕೊಳೆರೋಗ" ಎಂದು ಹಾಕಿದರೆ ಎರಡೂ ಒಟ್ಟಿಗೆ ಬಂದು ತಲೆ ತಿರುಗುತ್ತದೆ. ಬರಿಯ ಫೈಟಾಫ್ತೊರ ಎಂದು ಹಾಕಿದರೆ, ಆ ಹೆಸರನ್ನೇ ಬಳಸದೆ "ಮಹಾಳಿ" ಎಂದಷ್ಟೇ ಬರೆದಿರುವ ಲೇಖನಗಳು ತಪ್ಪಿಹೋಗುತ್ತವೆ.

ಇದೇ ರೀತಿ ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಅಡಿಕೆಯನ್ನು "ಬೀಟಲ್ ನಟ್" ಎಂದು ಕರೆದಿದ್ದಾರೆ. ಬೀಟಲ್ ಎಂದರೆ ವೀಳ್ಯದೆಲೆ. ಎಲೆಯ ಹೆಸರನ್ನು ಕಾಯಿಗೆ ಹೊದಿಸಿ ಇನ್ನೂರು ವರ್ಷ ಗೊಂದಲ ಎಬ್ಬಿಸಿದ ಪುಣ್ಯ ಅವರದು. ಕಾಫಿಯ ಎಲೆತುಕ್ಕು ರೋಗ 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಮೇಲೆ ಬಂದ ಪುಸ್ತಕಗಳಲ್ಲಿ ಅದು ಹಲವೆಡೆ ಕೇವಲ "ಎಲೆಯ ರೋಗ". ಬಿಳಿ ಕಾಂಡಕೊರಕ ಕೇವಲ "ಬೋರರ್". ರೋಬಸ್ಟಾಗೆ ಶಾಸ್ತ್ರದವರು ಈಗ ಕೆನೆಫೊರ ಎನ್ನುತ್ತಾರೆ. ಊರುಗಳ ಕಥೆಯೂ ಇಷ್ಟೆ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದು ಹೆಸರಿತ್ತು. ಮಂಜರಾಬಾದನ್ನು ಬಿಳಿಯರು "ಮುಂಜೇರಾಬಾದ್" ಎಂದು ಬರೆದರು. ಕೊಡಗು "ಕೂರ್ಗ್" ಆಯಿತು. ಹುಡುಕಲು ಹೊರಡುವ ಮುನ್ನ ಒಂದು ಚೀಟಿಯಲ್ಲಿ ನಮ್ಮ ವಿಷಯದ ಎಲ್ಲ ಹೆಸರುಗಳನ್ನೂ, ಎಲ್ಲ ಕಾಗುಣಿತಗಳನ್ನೂ ಬರೆದುಕೊಂಡು ಹೋಗಬೇಕು. ಸಿಬ್ಬಂದಿಗೆ ಗಡಿಯಾರ ಗೊತ್ತಿರಬಹುದು, ಹಡಗು ಗೊತ್ತಿರಬಹುದು. ಮಂಜರಾಬಾದ್ ಗೊತ್ತಿರಬೇಕೆಂದು ನಾವು ನಿರೀಕ್ಷಿಸುವುದು ತಪ್ಪು.

ಕಾಫಿಯವರಿಗೆ ಆ ಗ್ರಂಥಾಲಯದಲ್ಲಿ ಸ್ವಾರಸ್ಯವಾದ ಒಂದೆರಡು ದಾರಿಗಳಿವೆ. 17ನೆಯ ಶತಮಾನದಲ್ಲಿ ಲಂಡನ್ನಿನಲ್ಲಿ ಚಿಲ್ಲರೆಗೆ ಅಭಾವವಾದಾಗ ಅಂಗಡಿಯವರೂ ಕಾಫಿ ಹೌಸಿನವರೂ ತಮ್ಮ ತಮ್ಮ ಹೆಸರಿನ ಬಿಲ್ಲೆಗಳನ್ನು ಟಂಕಿಸಿ ನಾಣ್ಯದಂತೆ ಕೊಡುತ್ತಿದ್ದರು. ಅಂಥ ಬಿಲ್ಲೆಗಳನ್ನು ಕೂಡಿಹಾಕಿದ್ದ ಬೋಫಾಯ್ ಎಂಬ ಮಹನೀಯ ತನ್ನ ಸಂಗ್ರಹವನ್ನು ಈ ಗ್ರಂಥಾಲಯಕ್ಕೇ ಕೊಟ್ಟ. ಅದರ ವಿವರಣೆಯ ಸೂಚಿ 1853ರಲ್ಲಿ ಅಚ್ಚಾಯಿತು. ಆ ನಗರದ ಮೊದಲ ಕಾಫಿ ಅಂಗಡಿ ತೆರೆದದ್ದು 1652ರಲ್ಲಿ. ಅಲ್ಲಿಂದ ಮುಂದಿನ ಎರಡು ಸಾವಿರಕ್ಕೂ ಹೆಚ್ಚು ಕಾಫಿ ಹೌಸುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಬ್ರಯಂಟ್ ಲಿಲಿವೈಟ್ ಎಂಬಾತ 1963ರಲ್ಲಿ ದಪ್ಪನೆಯ ಪುಸ್ತಕವನ್ನೇ ಪ್ರಕಟಿಸಿದ. ಅವುಗಳ ಪೈಕಿ ಎಡ್ವರ್ಡ್ ಲಾಯ್ಡ್ ಎಂಬವನ ಕಾಫಿ ಹೌಸಿಗೆ ಹಡಗಿನ ವ್ಯಾಪಾರದವರು ಹೆಚ್ಚಾಗಿ ಬರುತ್ತಿದ್ದರು. ಆ ಮೇಜುಗಳ ಸುತ್ತ ಬೆಳೆದದ್ದೇ ಲಾಯ್ಡ್ಸ್ ಎಂಬ ವಿಮೆಯ ದೊಡ್ಡ ಸಂಸ್ಥೆ. ಅವರ ಹಡಗು ಸಂಬಂಧದ ಸಂಗ್ರಹವೂ 1979ರಲ್ಲಿ ಠೇವಣಿಯಾಗಿ ಗಿಲ್ಡ್‌ಹಾಲಿಗೆ ಬಂತು. ಹೋದ ಶತಮಾನಕ್ಕೂ ಹಿಂದೆ ನಮ್ಮ ಮಲೆನಾಡಿನ ಕಾಫಿ ಘಟ್ಟ ಇಳಿದು, ಮಂಗಳೂರು ತಲಚೇರಿಗಳಲ್ಲಿ ಹಡಗು ಹತ್ತಿ ಹೋಗುತ್ತಿದ್ದದ್ದು ಆ ಊರಿಗೇ. ಅಜ್ಜನ ಕಾಲದ ರವಾನೆ ಪತ್ರದಲ್ಲಿ ಹಡಗಿನ ಹೆಸರು, ವರ್ಷ ಇದ್ದರೆ ಅದು ಯಾವಾಗ ಅಲ್ಲಿ ಮುಟ್ಟಿತೆಂದು ಹುಡುಕಲು ಇಂಥ ಸಂಗ್ರಹ ಬೇಕು. ಹಡಗಿನ ಹೆಸರಿಲ್ಲದೆ, "ನಮ್ಮ ತೋಟದ ಕಾಫಿ" ಎಂದು ಹುಡುಕಿದರೆ ಏನೂ ಸಿಗದು. ಆ ಪುಸ್ತಕಗಳು ತಿಳಿದಿರುವುದು ಹಡಗನ್ನು, ಮೂಟೆಯನ್ನಲ್ಲ.

ಇನ್ನೊಂದು ಎಚ್ಚರಿಕೆ. ಅಚ್ಚಾದ ಪುಸ್ತಕ ಒಂದು ಕಡೆ, ಕೈಬರಹದ ದಾಖಲೆ ಇನ್ನೊಂದು ಕಡೆ ಇರುವುದು ಸಾಮಾನ್ಯ. ಗಿಲ್ಡ್‌ಹಾಲಿನಲ್ಲಿದ್ದ ಹಸ್ತಪ್ರತಿ ವಿಭಾಗವು ನಗರದ ಬೇರೊಂದು ಭಾಗದಲ್ಲಿರುವ ದಾಖಲೆ ಭಂಡಾರಕ್ಕೆ ಸೇರಿಹೋಗಿದೆ. ಆ ಭಂಡಾರಕ್ಕೆ 2024ರಿಂದ ಲಂಡನ್ ಆರ್ಕೈವ್ಸ್ ಎಂದು ಹೆಸರು. ಹಳೆಯ ಲೇಖನದ ಅಡಿಯಲ್ಲಿ "ಗಿಲ್ಡ್‌ಹಾಲ್ ಹಸ್ತಪ್ರತಿ" ಎಂದು ಓದಿಕೊಂಡು ನೇರವಾಗಿ ಗಿಲ್ಡ್‌ಹಾಲಿಗೆ ಹೋದವರು ಮತ್ತೆ ಬಸ್ಸು ಹಿಡಿಯಬೇಕು.

ಇಷ್ಟು ಬಳಸುವವರ ಮಾತಾಯಿತು. ಇಡುವವರು ಯೋಚಿಸಬೇಕಾದದ್ದು ಇದೆ. ನಮ್ಮ ಸಭೆಯಲ್ಲಿ ಎಲ್ಲರೂ ಗ್ರಂಥಾಲಯವನ್ನು ಶಂಕಿಸಿದರು. ಸಂಘವನ್ನು ಯಾರೂ ಶಂಕಿಸಲಿಲ್ಲ. ಆದರೆ ಚರಿತ್ರೆ ನೋಡಿದರೆ ಪುಸ್ತಕಗಳಿಗೆ ಸಂಘದಿಂದಲೂ ಅಪಾಯವಿದೆ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 1804ರಲ್ಲಿ ಹುಟ್ಟಿದ್ದು, ತೋಟಗಾರರ ಸಂಘಗಳಲ್ಲೇ ಹೆಸರಾದದ್ದು. ಅದು ಸಾಲದಲ್ಲಿ ಮುಳುಗಿ 1859ರಲ್ಲಿ ತನ್ನ ಗ್ರಂಥಭಂಡಾರವನ್ನೇ ಹರಾಜು ಹಾಕಿತು. ಐವತ್ತು ವರ್ಷ ಕೂಡಿಹಾಕಿದ್ದು ಚದುರಿಹೋಯಿತು. ಕೆಲವು ವರ್ಷಗಳಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲೆ ತೀರಿಕೊಂಡಾಗ ಅವನ ಪುಸ್ತಕಗಳನ್ನು ಕೊಂಡು ಮತ್ತೆ ಶುರುಮಾಡಬೇಕಾಯಿತು. ಈ ಸಲ ಬುದ್ಧಿ ಬಂದಿತ್ತು: 1868ರಲ್ಲಿ ಅವನ್ನು ಒಂದು ಟ್ರಸ್ಟಿಗೆ ಒಪ್ಪಿಸಿ, ಸಂಘಕ್ಕೆ ಎಷ್ಟೇ ಕಷ್ಟ ಬಂದರೂ ಮಾರುವಂತಿಲ್ಲವೆಂದು ಕೈ ಕಟ್ಟಿಕೊಂಡರು. ಇದು ಹಳೆಯ ಕಾಲದ ಕಥೆ ಎನ್ನುವಂತಿಲ್ಲ. ಅಮೆರಿಕದಲ್ಲಿ 1829ರಷ್ಟು ಹಳೆಯದಾದ ಮ್ಯಾಸಚೂಸೆಟ್ಸ್ ಹಾರ್ಟಿಕಲ್ಚರಲ್ ಸೊಸೈಟಿ 2002ರಲ್ಲಿ ತನ್ನ ಅಪರೂಪದ ಪುಸ್ತಕಗಳ ದೊಡ್ಡ ಪಾಲನ್ನು ಶಿಕಾಗೋದ ಸಸ್ಯೋದ್ಯಾನಕ್ಕೆ ಮಾರಿತು. ಕೊಂಡವರು ಯೋಗ್ಯರಾದದ್ದರಿಂದ ಪುಸ್ತಕಗಳು ಉಳಿದವು. ಆದರೆ ಬಾಸ್ಟನ್ನಿನ ಸದಸ್ಯ ಈಗ ಅವನ್ನು ನೋಡಲು ಶಿಕಾಗೋಗೆ ಹೋಗಬೇಕು.

ಗ್ರಂಥಾಲಯದ ಸೂರೂ ಶಾಶ್ವತವಲ್ಲ. 1940ರ ಡಿಸೆಂಬರ್ 29ರ ರಾತ್ರಿಯ ಬಾಂಬು ದಾಳಿಯಲ್ಲಿ ಗಿಲ್ಡ್‌ಹಾಲ್ ಗ್ರಂಥಾಲಯ ಸುಮಾರು 25,000 ಸಂಪುಟಗಳನ್ನು ಕಳೆದುಕೊಂಡಿತು. ಈಗಿನ ಕಟ್ಟಡ 1974ರದು. ನಮ್ಮ ಊರಿನಲ್ಲಿ ಬಾಂಬು ಬೇಕಿಲ್ಲ, ಜುಲೈ ತಿಂಗಳ ಮಳೆ ಸಾಕು.

ನಮ್ಮದೇ ಕಣ್ಣ ಮುಂದಿನ ಒಂದು ಸಂಗತಿಯನ್ನೂ ಹೇಳಿಬಿಡುತ್ತೇವೆ. ಹಲವು ವರ್ಷಗಳ ಹಿಂದೆ ಈ ಪ್ರದೇಶದ ಬೆಳೆಗಾರರ ಒಂದು ಸಂಘ ಮುಚ್ಚಿದಾಗ ಅದರ ಪುಸ್ತಕಗಳನ್ನು ಒಂದು ವಾಚನಾಲಯಕ್ಕೆ ಜೀಪಿನಲ್ಲಿ ತುಂಬಿ ಕಳಿಸಿದರು. ಕಳಿಸುವಾಗ ನಾವೂ ಕೈ ಹಾಕಿದ್ದೆವು. ಪಟ್ಟಿ ಮಾಡಲು ಯಾರಿಗೂ ತೋಚಲಿಲ್ಲ. ಒಂದು ಫೋಟೋ ಮಾತ್ರ ತೆಗೆಸಿಕೊಂಡೆವು. ಆರೇಳು ವರ್ಷದ ಮೇಲೆ ಅದೇ ಸಂಘದ ಮೊಹರಿನ ಪುಸ್ತಕವೊಂದು ಬೆಂಗಳೂರಿನ ಹಳೆಯ ಪುಸ್ತಕದ ಅಂಗಡಿಯಲ್ಲಿ ನಮ್ಮ ಕೈಗೆ ಸಿಕ್ಕಿತು. ವಿಚಾರಿಸಿದರೆ ವಾಚನಾಲಯದವರು ಸುಳ್ಳು ಹೇಳಲಿಲ್ಲ: ಜಾಗ ಸಾಲದೆ ರದ್ದಿಗೆ ಹಾಕಿದ್ದಾಗಿ ಒಪ್ಪಿಕೊಂಡರು. ಯಾವ ಯಾವ ಪುಸ್ತಕವೆಂದು ಕೇಳಲು ನಮ್ಮ ಕೈಯಲ್ಲಿ ಕಾಗದವಿರಲಿಲ್ಲ. ತಪ್ಪು ಅವರದೆಂದು ಹೇಳಿಕೊಂಡು ತಿರುಗಿದೆವು. ಈಗ ಯೋಚಿಸಿದರೆ ಅರ್ಧ ನಮ್ಮದು.

ಆದ್ದರಿಂದ ಮುಂದಿನ ಸಭೆಯಲ್ಲಿ ನಾವು ಮುಂದಿಡಲಿರುವ ಕರಡಿನಲ್ಲಿ ಮೊದಲನೆಯದು ಪಟ್ಟಿ. ಪ್ರತಿ ಪುಸ್ತಕದ ಹೆಸರು, ಬರೆದವರು, ವರ್ಷ, ಸ್ಥಿತಿ ಇಷ್ಟನ್ನು ಬರೆದು ಮೂರು ಪ್ರತಿ: ಸಂಘಕ್ಕೊಂದು, ಗ್ರಂಥಾಲಯಕ್ಕೊಂದು, ಲೆಕ್ಕ ಪರಿಶೋಧಕರ ಕಡತಕ್ಕೊಂದು. ಪ್ರತಿ ಪುಸ್ತಕದ ಒಳಪುಟದಲ್ಲಿ ಠೇವಣಿ ಎಂಬ ಮೊಹರು. ಗ್ರಂಥಾಲಯದವರು ಇವನ್ನು ತಮ್ಮ ಸಾಮಾನ್ಯ ಸೂಚಿಯಲ್ಲೂ ಸೇರಿಸಬೇಕು. ಸೂಚಿಯಲ್ಲಿಲ್ಲದ ಪುಸ್ತಕ ಇದ್ದೂ ಇಲ್ಲದ ಹಾಗೆ. ರದ್ದಿಗೆ ಹಾಕುವ ಮಾತು ಬಂದರೆ ಮೊದಲು ನಮಗೆ ಬರವಣಿಗೆಯಲ್ಲಿ ತಿಳಿಸಬೇಕು. ನಮ್ಮ ಕಡೆಯಿಂದಲೂ ಒಂದು ಕಟ್ಟು ಬೇಕು: ಸರ್ವಸದಸ್ಯರ ಸಭೆಯ ಒಪ್ಪಿಗೆಯಿಲ್ಲದೆ ಯಾವ ಆಡಳಿತ ಮಂಡಳಿಯೂ, ಯಾವ ಕಾರ್ಯದರ್ಶಿಯೂ ಇವನ್ನು ಹಿಂಪಡೆದು ಮಾರುವಂತಿರಬಾರದು. ಮಳೆ ಲೆಕ್ಕದ ಹಳೆಯ ರಿಜಿಸ್ಟರುಗಳು ಮತ್ತು ಹಿರಿಯ ಬೆಳೆಗಾರರು ಕೊಟ್ಟ ಕೈಬರಹದ ತೋಟದ ದಿನಚರಿಗಳನ್ನು ಮಾತ್ರ ಈಗಲೇ ಕಳಿಸುವುದು ಬೇಡವೆಂದು ನಮ್ಮ ಅಭಿಪ್ರಾಯ. ಅಚ್ಚಾದ ಪುಸ್ತಕದ ಇನ್ನೊಂದು ಪ್ರತಿ ಎಲ್ಲಾದರೂ ಇದ್ದೀತು, ಅವುಗಳದ್ದು ಇಲ್ಲ. ಮೊದಲು ಪುಟಪುಟವಾಗಿ ಫೋಟೋ ತೆಗೆಸಿ, ಆಮೇಲೆ ಯೋಚಿಸೋಣ.

ಕೆಲವರು ಇನ್ನೊಂದು ಆಕ್ಷೇಪ ಎತ್ತಿದ್ದಾರೆ. ಸದಸ್ಯರ ಹಣದಲ್ಲಿ ಕೊಂಡ ಪುಸ್ತಕವನ್ನು ಸದಸ್ಯರಲ್ಲದವರು ಪುಕ್ಕಟೆ ಓದುವುದು ಯಾವ ನ್ಯಾಯ, ಎಂದು. ಗ್ರಂಥಾಲಯದ ಸೂರು, ದೀಪ, ಕಪಾಟು, ಸಿಬ್ಬಂದಿ ಇವು ಊರಿನವರೆಲ್ಲರ ಹಣದವು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುವವರಲ್ಲಿ ಎರಡೆಕರೆ ಅಡಿಕೆಯವನೂ ಇದ್ದಾನೆ, ಅಂಗಡಿಯವನೂ ಇದ್ದಾನೆ. ಅವರ ಸೂರಿನಡಿ ನಮ್ಮ ಪುಸ್ತಕ ಇರಬೇಕು, ಅವರು ಮಾತ್ರ ಮುಟ್ಟಬಾರದು ಎನ್ನುವುದು ಗೋದಾಮಿನ ಬಾಡಿಗೆ ಕೊಡದೆ ಬೀಗ ಮಾತ್ರ ನಮ್ಮದು ಹಾಕಿದಂತೆ. ಬೇಕಾದರೆ ಸದಸ್ಯರಿಗೆ ಎರವಲಿನ ಸೌಲಭ್ಯ ಇಟ್ಟುಕೊಳ್ಳೋಣ, ಉಳಿದವರು ಅಲ್ಲೇ ಕುಳಿತು ಓದಲಿ. ನಿಜ ಹೇಳಬೇಕೆಂದರೆ ಕಳೆದ ಮೂರು ವರ್ಷಗಳಲ್ಲಿ ಆ ಬೀರುಗಳ ಬೀಗದ ಕೈ ಕೇಳಿದ ಸದಸ್ಯರು ನಾಲ್ವರು. ಅವರಲ್ಲಿ ಒಬ್ಬರು ಹುಡುಕುತ್ತಿದ್ದದ್ದು ಛತ್ರಿಯನ್ನು.

ಪಟ್ಟಿ ಮಾಡುವ ಕೆಲಸ ಮುಂದಿನ ಶನಿವಾರದಿಂದ ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಕಚೇರಿಯ ಮಹಡಿಯಲ್ಲಿ ನಡೆಯುತ್ತದೆ. ಅಂದವಾಗಿ ಬರೆಯಬಲ್ಲವರು, ಹಳೆಯ ಇಂಗ್ಲಿಷ್ ಓದಬಲ್ಲವರು ಬಂದು ಕೈಜೋಡಿಸಬೇಕೆಂದು ಕೋರುತ್ತೇವೆ. ಮನೆಯಲ್ಲಿ ಸಂಘದ ಮೊಹರಿನ ಪುಸ್ತಕ ಇರುವವರು ಎಷ್ಟು ವರ್ಷವಾಗಿದ್ದರೂ ಸಂಕೋಚವಿಲ್ಲದೆ ತಂದುಕೊಡಬೇಕು. ದಂಡವಿಲ್ಲ, ಪ್ರಶ್ನೆಯಿಲ್ಲ. ಮೊದಲ ಪುಸ್ತಕವನ್ನು ನಾವೇ ತಂದು ಒಪ್ಪಿಸಿದ್ದೇವೆ: ಎಲಿಯಟ್ ಎಂಬ ಬಿಳಿಯ ತೋಟಗಾರ 1894ರಲ್ಲಿ ಮೈಸೂರಿನ ಚಿನ್ನ, ಬೇಟೆ ಮತ್ತು ಕಾಫಿಯ ಬಗ್ಗೆ ಬರೆದದ್ದು, ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿತ್ತು. ಮುಖ್ಯವಾಗಿ ಬೇಕಾಗಿರುವುದು ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನದ ಮೂರನೆಯ ಸಂಪುಟ. 1800–01ರಲ್ಲಿ ಆತ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬರೆದು 1807ರಲ್ಲಿ ಅಚ್ಚಾದ ಆ ಪುಸ್ತಕದ ಮರುಮುದ್ರಣ ನಮ್ಮಲ್ಲಿದೆ. ಮೊದಲೆರಡು ಸಂಪುಟಗಳು ಬೀರುವಿನಲ್ಲಿವೆ. ಕನ್ನಡ ಜಿಲ್ಲೆಯಿಂದ ಘಟ್ಟ ಹತ್ತಿ ನಗರದ ಸೀಮೆಗೆ ಬಂದು ನಮ್ಮ ಕಡೆಯ ಅಡಿಕೆ ತೋಟಗಳನ್ನು ಆತ ವರ್ಣಿಸಿರುವುದು ಮೂರನೆಯದರಲ್ಲಿ, ಅದೇ ಇಲ್ಲ. ಎರವಲು ಪುಸ್ತಕದಲ್ಲಿ ಕೊಂಡುಹೋದವರ ಸಹಿ ಇದೆ, ಆದರೆ ಓದಲಾಗುವುದಿಲ್ಲ. ಸಹಿ ಮಾಡಿದವರಿಗೆ ಅದು ತಮ್ಮದೆಂದು ಗೊತ್ತಿದ್ದೀತು.